ಶೆಟ್ರ ಗಾಡಿ, ಭಟ್ರ ಪಂಚೆ

ತುಳುವರ ಆಟಿ ತಿಂಗಳು ಕಳೆದು ಸೋಣ ಬಂದರೂ ಮಳೆ ಬಿಟ್ಟಿರಲಿಲ್ಲ. ಉಡುಪಿ ರಥಬೀದಿ ಹತ್ತಿರದ ಹೋಟೆಲಿನಲ್ಲಿ ನಾವು ಐದು ಜನ ಕೂತಿದ್ದೆವು. ಮೇಜಿನ ಮೇಲೆ ಬಿಸಿ ಗೋಳಿಬಜೆ. ಶೆಟ್ರು ಮಾತ್ರ ಕೈ ಹಾಕಲಿಲ್ಲ.

"ಎಂತಾಯ್ತು ಶೆಟ್ರೆ?" ಅಂದೆ.

"ಗಾಡಿಗೆ ಮಡ್ ಫ್ಲಾಪ್ ಹಾಕಿಸುದಾ ಬೇಡವಾ ಅಂತ ಮಾರಾಯ್ರೆ. ಮೂರು ದಿನದಿಂದ ನಿದ್ದೆ ಇಲ್ಲ."

ಶೆಟ್ರು ಜೂನ್‌ನಲ್ಲಿ ಜರ್ಮನಿಯ ಎಸ್‌ಯುವಿ ತಗೊಂಡಿದ್ದಾರೆ. ಕೋಟಿಗೆ ಸ್ವಲ್ಪ ಕಡಿಮೆ. ಎಷ್ಟು ಕಡಿಮೆ ಎಂಬುದು ಹೆಂಡತಿಗೆ ಹೇಳಿದ್ದು ಬೇರೆ, ನಮಗೆ ಹೇಳಿದ್ದು ಬೇರೆ. ಅಷ್ಟು ದುಡ್ಡು ಕೊಟ್ಟರೂ ಚಕ್ರದ ಹಿಂದೆ ನಾಲ್ಕು ತುಂಡು ರಬ್ಬರ್ ಬಂದಿರಲಿಲ್ಲ. ಅದು ಬೇರೆ ಕೊಳ್ಳಬೇಕಂತೆ. ನಾಲ್ಕಕ್ಕೆ 18,000.

"ಅಷ್ಟಕ್ಕೆ ನನ್ನ ಆಲ್ಟೋಗೆ ನಾಲ್ಕು ಹೊಸ ಟೈರ್ ಬಂದು ಇವತ್ತಿನ ಬಿಲ್ಲಿಗೂ ಉಳೀತದೆ" ಅಂದೆ.

"ದುಡ್ಡಿನ ಪ್ರಶ್ನೆ ಅಲ್ಲ." (ಹಾಗೆ ಹೇಳುವವರದ್ದು ಯಾವಾಗಲೂ ದುಡ್ಡಿನದ್ದೇ ಪ್ರಶ್ನೆ.) "ಚಂದ ಕಾಣುದಿಲ್ಲ. ಲಾರಿ ಹಾಗೆ ಕಾಣ್ತದೆ. ಬೇಕಿದ್ರೆ ಜರ್ಮನಿಯವರೇ ಹಾಕಿ ಕೊಡ್ತಿರ್ಲಿಲ್ವಾ?"

ಮಾಸ್ಟ್ರು ಕಾಫಿ ಲೋಟ ಕೆಳಗಿಟ್ಟರು. ಮೂವತ್ತು ವರ್ಷ ಫಿಸಿಕ್ಸ್ ಕಲಿಸಿದವರು, ಬೋರ್ಡಿಲ್ಲದ ಕಡೆಯೂ ಪಾಠ ನಿಲ್ಲುವುದಿಲ್ಲ. "ಬರ್ಲಿನ್‌ನಲ್ಲಿ ಇಡೀ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ನಮ್ಮಲ್ಲಿ 4,000 ದಾಟ್ತದೆ. ಅವರ ಒಂದು ವರ್ಷವನ್ನು ನಮ್ಮ ಜುಲೈ ಒಂದೇ ತಿಂಗಳು ಮೀರಿಸ್ತದೆ. ಅಲ್ಲಿನವನಿಗೆ ನಮ್ಮ ಕೆಂಪು ಮಣ್ಣು ಎಂತ ಗೊತ್ತು?"

ಅಷ್ಟಕ್ಕೇ ಬಿಡಬಹುದಿತ್ತು. ಗೋಡೆಗೆ ಒರಗಿಸಿದ್ದ ಒದ್ದೆ ಕೊಡೆ ತೆಗೆದು ಬಿಡಿಸಿ ಗಿರ್ರನೆ ತಿರುಗಿಸಿದರು. "ನೋಡಿ! ನೀರು ಅಂಚಿನಿಂದ ಹೇಗೆ ನೆಟ್ಟಗೆ ಹಾರ್ತದೆ. ಟೈರಿನದ್ದೂ ಇದೇ ಕತೆ. ಇವರ ಆಲ್ಟೋ ಟೈರ್ ಅಗಲ 145 ಮಿಲಿಮೀಟರ್. ನಿಮ್ಮದು 275. ಅಗಲ ಜಾಸ್ತಿ ಆದ ಹಾಗೆ ಎತ್ತಿ ಎಸೆಯುದೂ ಜಾಸ್ತಿ."

ಪಕ್ಕದ ಮೇಜಿನವರು ತಮ್ಮ ಬನ್ಸ್ ಮೇಲೆ ಬಿದ್ದ ಹನಿಗಳನ್ನೇ ನೋಡುತ್ತಿದ್ದರು. ನಾನು ಕಿಟಕಿ ಕಡೆ ತಿರುಗಿದೆ.

ಗ್ಯಾರೇಜಿನ ಪೊರ್ಬುಗಳು (ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಹಾಗೆ ಕರೆಯುವುದು) ಕಡಿಮೆ ಮಾತಿನವರು. ಆದರೆ ತೂಕದ ಮಾತು. "ಹಾಕಿಸುದಾದ್ರೆ ಕಂಪನಿದ್ದೇ ಹಾಕ್ಸಿ. ಅದು ಮೊದಲೇ ಇರುವ ಸ್ಕ್ರೂ ಜಾಗಕ್ಕೆ ಕೂರ್ತದೆ. ಅಗ್ಗದ್ದು ತಂದು ತಗಡಿಗೆ ಡ್ರಿಲ್ ಹೊಡೆದ್ರೆ ಈ ಉಪ್ಪು ಗಾಳಿಗೆ ತೂತಿನಿಂದಲೇ ತುಕ್ಕು ಸುರು. ಮತ್ತೆ ಫ್ಲಾಪಿನ ಸಂದಿಯಲ್ಲಿ ಕೆಸರು ಕಟ್ಟಿಕೊಳ್ತದೆ. ಪೈಪ್ ಹಿಡಿದು ತೊಳೀತಾ ಇರ್ಬೇಕು."

ನಾನೂ ನನ್ನ ಅನುಭವ ಸೇರಿಸಿದೆ. ಒಮ್ಮೆ ಅಂಗಳದಲ್ಲಿ ರಿವರ್ಸ್ ತೆಗೆಯುವಾಗ ಆಲ್ಟೋದ ಫ್ಲಾಪ್ ಮುರಕಲ್ಲಿನ ಕಟ್ಟೆಗೂ ಟೈರಿಗೂ ನಡುವೆ ಸಿಕ್ಕಿಬಿತ್ತು. ಏನೋ ತಡೆಯುತ್ತಿದೆ ಅಂತ ಇನ್ನಷ್ಟು ಆಕ್ಸಿಲರೇಟರ್ ಒತ್ತಿದೆ. ಫ್ಲಾಪ್ ಒಂದೇ ಬರಲಿಲ್ಲ, ಬಂಪರಿನ ಮೂಲೆಯನ್ನೂ ಕರೆದುಕೊಂಡು ಬಂತು.

"ಹಾಗಾದ್ರೆ ಬೇಡವೇ ಬೇಡ" ಅಂದರು ಶೆಟ್ರು, ಮೊದಲ ಗೋಳಿಬಜೆ ತೆಗೆದುಕೊಳ್ಳುತ್ತಾ.

ಅಷ್ಟು ಹೊತ್ತು ಸುಮ್ಮನಿದ್ದ ಭಟ್ರು ಆಗ ಬಾಯಿ ಬಿಟ್ಟರು. "ಕಳೆದ ಮಂಗಳವಾರ ಬೆಳಿಗ್ಗೆ ಕರಾವಳಿ ಜಂಕ್ಷನ್ ಹತ್ತಿರ ನಿಮ್ಮ ಗಾಡಿಯ ಹಿಂದೆ ಸ್ಕೂಟರಲ್ಲಿ ನಾನಿದ್ದೆ."

"ಹೌದಾ? ಕರೀಬಾರ್ದಾ ಭಟ್ರೆ?"

"ಬಾಯಿ ತೆರೆಯುವ ಹಾಗಿರ್ಲಿಲ್ಲ."

ಜುಲೈ 31ಕ್ಕೆ ಮಳೆಗಾಲದ ಟ್ರಾಲಿಂಗ್ (ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುವ) ನಿಷೇಧ ಮುಗಿದರೆ ಮಲ್ಪೆಯಿಂದ ಮೀನಿನ ಲಾರಿಗಳು ಸಾಲುಗಟ್ಟಿ ಹೊರಡುತ್ತವೆ. ದಾರಿಯುದ್ದಕ್ಕೂ ಐಸ್ ಕರಗಿದ ನೀರು. ಶೆಟ್ರ ಟೈರ್ ಎತ್ತಿ ಎಸೆದದ್ದು ಬರೀ ಕೆಸರಲ್ಲ.

"ಸತ್ಯನಾರಾಯಣ ಪೂಜೆಗೆ ಹೊರಟಿದ್ದೆ. ಅವರ ಬಾವಿಕಟ್ಟೆಯಲ್ಲಿ ಎರಡು ಸಲ ಸ್ನಾನ ಮಾಡಿದೆ. ಯಜಮಾನರ ಪಂಚೆ ಉಟ್ಟೆ. ನನ್ನದು ಹಿಂಡಿ ಚೀಲದಲ್ಲಿಟ್ಟೆ. ಆ ಮನೆಯ ಬೆಕ್ಕು ಚೀಲ ಬಿಟ್ಟು ಕದಲಲಿಲ್ಲ. ಕತೆ ಓದುವಾಗ ನನ್ನದೊಂದು ವಾಕ್ಯ, ಅದರದ್ದೊಂದು ಮ್ಯಾಂವ್."

ಪೊರ್ಬುಗಳ ಕಾಫಿ ಮೂಗಿಗೆ ಹೋಯಿತು.

"ಅದು ನನ್ನದೇ ಗಾಡಿ ಅಂತ ಹೇಗೆ ಹೇಳ್ತೀರಿ?" ಶೆಟ್ರಿಗೆ ಕೊನೆಯ ಆಸೆ.

"ಫ್ಯಾನ್ಸಿ ನಂಬರಿಗೆ ಅಷ್ಟು ದುಡ್ಡು ಕೊಟ್ಟದ್ದು ಜನ ಓದ್ಲಿ ಅಂತ ಅಲ್ವಾ? ಓದಿದೆ."

ಶೆಟ್ರು ಯೋಚಿಸಿದರು. ವ್ಯಾಪಾರದವರು, ಲೆಕ್ಕ ಬೇಗ ಮುಗಿಯಿತು. "ಪೊರ್ಬುಗಳೇ, ಮುಂದಿನ ಫ್ಲಾಪಿಂದ ಯಾರಿಗೆ ಲಾಭ?"

"ನಿಮ್ಮ ಗಾಡಿಗೆ. ಬಾಗಿಲ ಕೆಳಗಿನ ಪೇಂಟಿಗೆ ಕಲ್ಲು ಹೊಡೆಯುದು ಕಡಿಮೆ ಆಗ್ತದೆ."

"ಹಿಂದಿನದ್ರಿಂದ?"

"ಹೆಚ್ಚು ಹಿಂದೆ ಬರುವವರಿಗೆ."

"ಸರಿ. ಮುಂದಿನ ಎರಡು ಹಾಕಿಸ್ತೇನೆ."

ಭಟ್ರು ಕೈ ಒರೆಸಿಕೊಂಡು ಎದ್ದರು.

"ಭಟ್ರೆ, ಶನಿವಾರ ನಮ್ಮ ಮನೆಯ ಪೂಜೆ ನೆನಪುಂಟಲ್ಲ?"

"ಉಂಟು. ಮುಂದಿನ ಅರ್ಧ ಮಾಡಿ ಕೊಡ್ತೇನೆ. ಹಿಂದಿನ ಅರ್ಧ ಊರಿನವರ ಹತ್ತಿರ ಮಾಡ್ಸಿ."

ಶೆಟ್ರು ಅಲ್ಲೇ ಫೋನ್ ತೆಗೆದು ನಾಲ್ಕೂ ಆರ್ಡರ್ ಮಾಡಿದರು. ಬರಲು ಹದಿನೈದು ದಿನ ಬೇಕಂತೆ. ಬಿಲ್ಲನ್ನೂ ಅವರೇ ಕೊಟ್ಟರು.

ಭಟ್ರು ಯಾಕೂ ಇರಲಿ ಅಂತ ಶೆಟ್ರಿಗಿಂತ ಐದು ನಿಮಿಷ ಮೊದಲೇ ಸ್ಕೂಟರ್ ತೆಗೆದರು. ಕಲ್ಸಂಕದ ಹತ್ತಿರ ಶೆಟ್ರು ಅವರನ್ನು ಓವರ್‌ಟೇಕ್ ಮಾಡಿದರಂತೆ.