14 ಮ್ಯಾಚು, 2 ಗೋಲು: ಈ ಹುಡುಗನನ್ನು ಕ್ಲಬ್‌ಗೆ ತಗೊಳ್ಳೋದಾ, ಬೇಡವಾ?

ಪ್ರಶ್ನೆ

ನಮ್ಮದು ಬೆಂಗಳೂರು ಲೀಗ್‌ನ ಎ ಡಿವಿಜನ್‌ನಲ್ಲಿ ಆಡುವ ಸಣ್ಣ ಫುಟ್‌ಬಾಲ್ ಕ್ಲಬ್. ನಾನು ಕಾರ್ಯದರ್ಶಿ. ಅಂದರೆ ಜೆರ್ಸಿ ಒಗೆಸುವುದರಿಂದ ಹಿಡಿದು ಆಂಬುಲೆನ್ಸ್ ಹುಡುಕುವವರೆಗೆ ಎಲ್ಲಾ ನನ್ನ ತಲೆ ಮೇಲೆ. ಈ ಸಲ ಸೂಪರ್ ಡಿವಿಜನ್‌ಗೆ ಏರಲೇಬೇಕು ಅಂತ ಹಟ. ಸ್ಟ್ರೈಕರ್ ಜಾಗ ಒಂದು ಖಾಲಿ ಇದೆ.

19 ವರ್ಷದ ಹುಡುಗನೊಬ್ಬ ಬಂದು ಕೇಳಿದ್ದಾನೆ. 14ನೇ ವಯಸ್ಸಿಗೇ ದೊಡ್ಡ ಅಕಾಡೆಮಿ ಸೇರಿದವನು. ಇಂಡಿಯಾಗೆ ಆಡುತ್ತಾನೆ ಅಂತ ಆಗ ಎಲ್ಲರೂ ಹೇಳುತ್ತಿದ್ದರು. ಹೋದ ಸೀಸನ್‌ನಲ್ಲಿ ಸೂಪರ್ ಡಿವಿಜನ್ ತಂಡವೊಂದಕ್ಕೆ 14 ಮ್ಯಾಚ್ ಆಡಿ 2 ಗೋಲು ಹೊಡೆದ. ಅದರಲ್ಲೂ ಒಂದು ಪೆನಾಲ್ಟಿ. ಆ ಕ್ಲಬ್ ಕೈ ಬಿಟ್ಟಿದೆ. ನಮ್ಮ ಕೋಚ್ ಬೇಡವೇ ಬೇಡ ಅನ್ನುತ್ತಾರೆ. ಕಮಿಟಿಯ ಹಿರಿಯರೊಬ್ಬರು "ಚಿನ್ನ ಕಣ್ರೀ, ಬಿಡಬೇಡಿ" ಅನ್ನುತ್ತಾರೆ. ತಿಂಗಳಿಗೆ ಕೊಡುವ ದುಡ್ಡು ದೊಡ್ಡದೇನಲ್ಲ, ಆದರೆ ನಮಗೆ ಅದೂ ಭಾರವೇ. ಇಂಥ ಹುಡುಗರನ್ನು ತಗೊಂಡವರು, ತಗೊಂಡು ಕೆಟ್ಟವರು, ಯಾರಿದ್ದರೂ ಅನುಭವ ಹೇಳಿ.

ಹಳೇ ಗೋಲ್‌ಕೀಪರ್, ಗೌತಮಪುರ

ಸರ್, ಮೊದಲು ಆ ಪೆನಾಲ್ಟಿ ಮಾತು. "ಅದರಲ್ಲೂ ಒಂದು ಪೆನಾಲ್ಟಿ" ಅಂತ ಮೂಗು ಮುರಿಯಬೇಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ಮ್ಯಾಚಿನಲ್ಲಿ ಭಾರತ ಎರಡು ಪೆನಾಲ್ಟಿ ಹಾಳು ಮಾಡಿಕೊಂಡು 2-1ಕ್ಕೆ ಸೋತಿತು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಗೋಲೇ ಬರದೆ ಒದ್ದಾಡುತ್ತಿದ್ದ ಹುಡುಗ ಆ ಬಿಳಿ ಚುಕ್ಕಿಯ ಮೇಲೆ ಚೆಂಡು ಇಟ್ಟನಲ್ಲ, ಯಾರಾದರೂ ಇಡು ಅಂದರಾ, ಇಲ್ಲಾ ಅವನೇ ಕೇಳಿ ತಗೊಂಡನಾ? ಹಳೇ ಕ್ಲಬ್‌ನವರ ಹತ್ತಿರ ಇದನ್ನು ವಿಚಾರಿಸಿ. ಕೇಳಿ ತಗೊಂಡಿದ್ದರೆ ನನ್ನ ಲೆಕ್ಕದಲ್ಲಿ ಅರ್ಧ ಪಾಸ್.

ನಾನು 18 ವರ್ಷ ಗೋಲು ಕಾದವನು. ಸ್ಟ್ರೈಕರ್ ಮುಖವನ್ನು ಎದುರಿನಿಂದ ನೋಡುವವರು ನಾವು. ಗೋಲು ಬರದ ಹುಡುಗರಲ್ಲಿ ಎರಡು ಥರ. ಒಬ್ಬ ಗೋಲಿನ ಮುಂದೆ ಬಂದು ತಪ್ಪಿಸುತ್ತಾನೆ. ಇನ್ನೊಬ್ಬ ಗೋಲಿನ ಮುಂದೆ ಬರುವುದನ್ನೇ ಬಿಟ್ಟಿರುತ್ತಾನೆ. ಮೊದಲನೆಯವನನ್ನು ಕಂಡರೆ ನನಗೆ ಭಯ. ಇವತ್ತಲ್ಲ ನಾಳೆ ಹೊಡೆಯುತ್ತಾನೆ. ಎರಡನೆಯವನು ಕಾರ್ನರ್ ಹತ್ತಿರ ಹೋಗಿ ಚೆಂಡು ಕೇಳುತ್ತಾನೆ. ಅಲ್ಲಿ ತಪ್ಪಾದರೆ ಯಾರೂ ಬೈಯುವುದಿಲ್ಲ ಅಲ್ವಾ, ಅದಕ್ಕೆ. ನಿಮ್ಮ ಹುಡುಗನ 2 ಗೋಲು ಪಕ್ಕಕ್ಕಿಡಿ, 14 ಮ್ಯಾಚಿನಲ್ಲಿ ಎಷ್ಟು ಸಲ ಪೆನಾಲ್ಟಿ ಬಾಕ್ಸ್ ಒಳಗೆ ಶಾಟ್ ಹೊಡೆದ ಅಂತ ಕೇಳಿ. ಹಳೇ ಕೋಚ್‌ಗೆ ನೆನಪಿರುತ್ತದೆ. ಎದುರು ತಂಡದ ಕೀಪರ್‌ಗಳಿಗೆ ಇನ್ನೂ ಚೆನ್ನಾಗಿ ನೆನಪಿರುತ್ತದೆ.

ಇನ್ನೊಂದು ಕಥೆ ಹೇಳಿಬಿಡುತ್ತೇನೆ. ನಮ್ಮ ತಂಡಕ್ಕೆ ಒಬ್ಬ ಬಂದಿದ್ದ. ಓಟ ಚೆನ್ನಾಗಿತ್ತು, ತಲೆಯೂ ಓಡುತ್ತಿತ್ತು. ಆದರೆ ಚೆಂಡು ಕಾಲಿಗೆ ತಾಗಿದರೆ ಮೂರು ಗಜ ಆಚೆ. ಸೀನಿಯರ್‌ಗಳು ಅವನಿಗೆ "ಮರದ ಕಾಲು" ಅಂತಲೇ ಹೆಸರಿಟ್ಟಿದ್ದರು. ಒಂದಿನ ಪ್ರಾಕ್ಟೀಸ್ ಮಧ್ಯೆ ಜೋರು ಮಳೆ ಬಂತು. ಎಲ್ಲರೂ ಶೆಡ್ ಕೆಳಗೆ ಕೂತು ಬೂಟು ಕಳಚಿದೆವು. ಅವನ ಬೂಟಿನ ತುದಿಯಿಂದ ನೆನೆದ ಪೇಪರ್ ಮುದ್ದೆ ಬಿತ್ತು. ಅಣ್ಣನ ಬೂಟು, ಒಂದೂವರೆ ಸೈಜು ದೊಡ್ಡದು, ತುದಿಗೆ ಪೇಪರ್ ತುರುಕಿಕೊಂಡು ಆಡುತ್ತಿದ್ದ. ಮೂರು ತಿಂಗಳು ನಾವ್ಯಾರೂ ಅವನ ಕಾಲು ನೋಡಿರಲಿಲ್ಲ, ಗೋಲು ಎಣಿಸುತ್ತಾ ಕೂತಿದ್ದೆವು. ಎಲ್ಲರೂ ದುಡ್ಡು ಹಾಕಿ ಶಿವಾಜಿನಗರದಲ್ಲಿ ಸೆಕೆಂಡ್ ಹ್ಯಾಂಡ್ ಬೂಟು ಕೊಡಿಸಿದೆವು. ಅವನೇನು ಪೆಲೆ ಆಗಲಿಲ್ಲ (ಪೆಲೆ ನಮ್ಮ ಬೀದಿಯಲ್ಲೇ ಪ್ರತಿಮೆಯಾಗಿ ನಿಂತಿದ್ದಾರೆ, ಬುದ್ಧ, ಅಂಬೇಡ್ಕರ್ ಪಕ್ಕದಲ್ಲಿ). ಆದರೆ ಆರು ವರ್ಷ ಆ ಜಾಗ ಯಾರಿಗೂ ಬಿಟ್ಟುಕೊಡಲಿಲ್ಲ.

ಒಂದು ದಿನದ ಟ್ರಯಲ್ಸ್ ನೋಡಿ ತೀರ್ಮಾನ ಮಾಡಬೇಡಿ ಸರ್. ಎರಡು ವಾರ ನಿಮ್ಮ ಹುಡುಗರ ಜೊತೆ ಸುಮ್ನೆ ಆಡಲು ಬಿಡಿ.

ಒಂದು ಕ್ಲಬ್‌ನ ಮಾಜಿ ಖಜಾಂಚಿ

ನಾನು ಬೇಡ ಅನ್ನುವ ಪಾರ್ಟಿ. ಕಾರಣ ಹೇಳುತ್ತೇನೆ, ಆಮೇಲೆ ಬೈಯಿರಿ.

ನಾವೂ ಇಂಥವನೇ ಒಬ್ಬನನ್ನು ತಂದೆವು. ದೊಡ್ಡ ಅಕಾಡೆಮಿ, ದೊಡ್ಡ ಹೆಸರು, ಕೈಯಲ್ಲಿ ಸರ್ಟಿಫಿಕೇಟ್‌ಗಳ ಫೈಲು. ಹುಡುಗ ಕೆಟ್ಟವನಲ್ಲ. ಮರ್ಯಾದೆಯಿಂದ ಮಾತಾಡುತ್ತಿದ್ದ, ಪ್ರಾಕ್ಟೀಸ್‌ಗೆ ತಪ್ಪದೆ ಬರುತ್ತಿದ್ದ. ಗೋಲು ಮಾತ್ರ ಬರಲಿಲ್ಲ. ಐದು ಮ್ಯಾಚ್ ಆಯಿತು, ಎಂಟಾಯಿತು. ತಂದಿದ್ದೇವಲ್ಲ, ದುಡ್ಡು ಕೊಡುತ್ತಿದ್ದೇವಲ್ಲ ಅಂತ ಪ್ರತೀ ಸಲ ಅವನನ್ನೇ ಇಳಿಸಿದೆವು.

ಅವನಿಗಾಗಿ ಬೆಂಚಿಗೆ ಹೋದವನು ನಮ್ಮದೇ ಏರಿಯಾದ ಹುಡುಗ. 12ನೇ ವಯಸ್ಸಿನಿಂದ ನಮ್ಮ ಜೊತೆಗಿದ್ದ. ದುಡ್ಡು ಕೇಳಿದವನಲ್ಲ, ಪ್ರಾಕ್ಟೀಸ್ ಮುಗಿದ ಮೇಲೆ ಗೋಲ್ ನೆಟ್ ಮಡಚಿ ಇಡುತ್ತಿದ್ದವನು ಅವನೇ. ಒಂಬತ್ತನೇ ಮ್ಯಾಚಿನ ದಿನ ಅವನು ಬರಲಿಲ್ಲ. ಫೋನ್ ಮಾಡಿದರೆ "ಅಂಕಲ್, ಕೆಲಸಕ್ಕೆ ಸೇರಿದೆ" ಅಂದ. ಅಷ್ಟೇ, ಆಮೇಲೆ ಬೂಟು ಹಾಕಲೇ ಇಲ್ಲ. ನಾವು ತಂದವನು ಸೀಸನ್ ಮುಗಿದ ಮೇಲೆ ಇನ್ನೊಂದು ಕ್ಲಬ್‌ಗೆ ಹೋದ. ಎರಡೂ ಕೈ ಖಾಲಿ.

ಹೊಸಬನ ಬಗ್ಗೆ ನೀವು ಹತ್ತು ವಿಷಯ ಹೇಳಿದ್ದೀರಿ. ಅವನು ಬಂದರೆ ಯಾರ ಜಾಗ ಹೋಗುತ್ತದೆ ಅಂತ ಹೇಳಲೇ ಇಲ್ಲ. ಜಾಗ ಖಾಲಿ ಇದೆ ಅನ್ನುತ್ತೀರಿ. ಯಾವ ಕ್ಲಬ್‌ನಲ್ಲೂ ಜಾಗ ನಿಜವಾಗಿ ಖಾಲಿ ಇರುವುದಿಲ್ಲ. ಅದರ ಮೇಲೆ ಕಣ್ಣಿಟ್ಟು ಕೂತ 17ರ ಹುಡುಗ ಒಬ್ಬ ನಿಮ್ಮಲ್ಲೂ ಇರುತ್ತಾನೆ.

ಮಂಗಳೂರಿನ ಕೋಚ್

ಖಜಾಂಚಿಯವರ ಮಾತು ಮನಸ್ಸಿಗೆ ತಾಗಿತು. ಆದರೆ ಅಲ್ಲಿ ತಪ್ಪು ಹುಡುಗನದ್ದಲ್ಲ, ಎಂಟು ಮ್ಯಾಚ್ ಒಂದೇ ಜಾಗದಲ್ಲಿ ನಿಲ್ಲಿಸಿದವರದ್ದು ಮಾರಾಯ್ರೆ.

ನಾನು ಇಲ್ಲಿ ನೆಹರೂ ಮೈದಾನದಲ್ಲಿ ಮಕ್ಕಳನ್ನು ಆಡಿಸುತ್ತೇನೆ. ಮಳೆಗಾಲದಲ್ಲಿ ನಮ್ಮ ಕೆಸರಿಗೆ ಬಂದರೆ ಟರ್ಫ್ ಮೇಲೆ ಬೆಳೆದ ಹುಡುಗರು ಮೊದಲ ತಿಂಗಳು ಕಾಲು ಎಲ್ಲಿಡಬೇಕು ಅಂತಲೇ ಗೊತ್ತಾಗದೆ ಪರದಾಡುತ್ತಾರೆ. ಆ ತಿಂಗಳಲ್ಲಿ ತೀರ್ಮಾನ ಮಾಡಿದ್ದರೆ ನನ್ನ ಒಳ್ಳೇ ಹುಡುಗರಲ್ಲಿ ಅರ್ಧ ಜನ ಇವತ್ತು ಇರುತ್ತಿರಲಿಲ್ಲ.

ಅಕಾಡೆಮಿ ಹುಡುಗರ ಇನ್ನೊಂದು ಕಷ್ಟ ಇದೆ. 14ರಲ್ಲಿ ಬೇಗ ಬೆಳೆದವನು, ಎತ್ತರ ಇರುವವನು, ವಯಸ್ಸಿನ ಲೆಕ್ಕ ಜನವರಿಯಿಂದ ಆಗುವುದರಿಂದ ಜನವರಿ, ಫೆಬ್ರವರಿಯಲ್ಲಿ ಹುಟ್ಟಿ ಉಳಿದವರಿಗಿಂತ ಕೆಲವು ತಿಂಗಳು ದೊಡ್ಡವನಾದವನು, ಇವರನ್ನು ನೋಡಿದ ಕೂಡಲೇ ಸ್ಟ್ರೈಕರ್ ಅಂತ ನಿಲ್ಲಿಸಿಬಿಡುತ್ತಾರೆ. ಡಿಫೆಂಡರ್‌ನನ್ನು ಓಡಿ ಹಿಂದೆ ಹಾಕಿದರೆ ಗೋಲು. 18 ದಾಟುವಾಗ ಉಳಿದವರೂ ಅಷ್ಟೇ ಬೆಳೆದಿರುತ್ತಾರೆ. ಆಗ ಇವನ ಓಟ ಎಲ್ಲರ ಓಟವೇ. ಗೋಲು ನಿಲ್ಲುತ್ತದೆ. ಹುಡುಗ ಹಾಳಾದ ಅನ್ನುತ್ತಾರೆ. ಅವನು ಹಾಳಾಗಿಲ್ಲ, ಜಾಗ ತಪ್ಪಾಗಿದೆ.

ಬೆಂಗಳೂರು ಎಫ್‌ಸಿಯ ರೋಶನ್ ಸಿಂಗ್ ನಾವೋರೆಮ್ ನೆನಪಿರಬೇಕು ನಿಮಗೆ. ಮೈದಾನದ ಅಂಚಿನಲ್ಲಿ ಮುಂದೆ ಆಡುವ ವಿಂಗರ್ ಆಗಿದ್ದವನನ್ನು 2021-22ರ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಹಿಂದಕ್ಕೆ, ಫುಲ್‌ಬ್ಯಾಕ್ ಅಂದರೆ ಅಂಚಿನ ಡಿಫೆಂಡರ್ ಜಾಗಕ್ಕೆ ತಂದರು. ಆ ಸೀಸನ್‌ನ ಎಮರ್ಜಿಂಗ್ ಪ್ಲೇಯರ್ ಪ್ರಶಸ್ತಿ ಅವನಿಗೇ ಬಂತು.

ಹಾಗಾಗಿ ಪ್ರಾಕ್ಟೀಸ್ ಮ್ಯಾಚಿನಲ್ಲಿ ಒಂದಿನ ಬಲ ವಿಂಗ್, ಒಂದಿನ ಸ್ಟ್ರೈಕರ್ ಹಿಂದೆ, ಒಂದಿನ ರೈಟ್ ಬ್ಯಾಕ್. ಚೆಂಡು ಕಾಲಿಗೆ ಬರುವ ಮುಂಚೆ ಎಷ್ಟು ಸಲ ಕತ್ತು ತಿರುಗಿಸಿ ಹಿಂದೆ ನೋಡುತ್ತಾನೆ ಅಂತ ಎಣಿಸಿ. ನಾನು ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಎಣಿಸುತ್ತೇನೆ, ಮಕ್ಕಳು ನಗುತ್ತಾರೆ. ನೋಡದೆ ಚೆಂಡು ತಗೊಳ್ಳುವವನಿಗೆ 19ರಲ್ಲಿ ಕಲಿಸುವುದು ಕಷ್ಟ. ನೋಡಿಯೂ ತಪ್ಪು ಮಾಡುವವನನ್ನು ಕಣ್ಣು ಮುಚ್ಚಿ ತಗೊಳ್ಳಿ.

ಫಿಸಿಯೊ, ಮೈಸೂರು

ಚಿಕ್ಕದಾಗಿ ಹೇಳುತ್ತೇನೆ. ತೊಡೆಯ ಹಿಂಭಾಗ, ಹ್ಯಾಮ್‌ಸ್ಟ್ರಿಂಗ್, ಯಾವಾಗಾದರೂ ಹಿಡಿದುಕೊಂಡಿತ್ತಾ ಅಂತ ಕೇಳಿ. ಒಮ್ಮೆ ಹರಿದದ್ದು ಮತ್ತೆ ಹರಿಯುವ ಅಪಾಯ ಜಾಸ್ತಿ. ಗಾಯ ಆದ ಸ್ಟ್ರೈಕರ್ ನೋವು ಹೋದ ಮೇಲೂ ಪೂರ್ತಿ ವೇಗಕ್ಕೆ ಹೋಗಲು ಹೆದರುತ್ತಾನೆ. ನೋಡುವವರಿಗೆ ಸೋಮಾರಿ ಥರ ಕಾಣುತ್ತಾನೆ. ನೇರವಾಗಿ ಕೇಳಿದರೆ "ಏನೂ ಇಲ್ಲ ಸರ್" ಅನ್ನುತ್ತಾನೆ, ಯಾಕಂದರೆ ನಿಜ ಹೇಳಿದರೆ ನೀವು ತಗೊಳ್ಳುವುದಿಲ್ಲ ಅನ್ನುವ ಭಯ. ತಗೊಳ್ಳುತ್ತೇವೆ ಅಂತ ಹೇಳಿದ ಮೇಲೆ ಇನ್ನೊಂದು ಸಲ ಕೇಳಿ. ಆಗ ಬೇರೆ ಉತ್ತರ ಬರುತ್ತದೆ, ನೋಡಿ.

ಬ್ರೆಮೆನ್‌ನಿಂದ, ಹುಬ್ಬಳ್ಳಿಯವನು

ನಾನಿರುವ ಊರಲ್ಲಿ ಈ ವಿಷಯಕ್ಕೆ ಎಲ್ಲರೂ ಒಂದೇ ಹೆಸರು ಹೇಳುತ್ತಾರೆ: ಬೆಲ್ಜಿಯಂನ ಮಿಡ್‌ಫೀಲ್ಡರ್ ಕೆವಿನ್ ಡೆ ಬ್ರಾಯ್ನೆ. 2012ರಲ್ಲಿ ಇಂಗ್ಲೆಂಡಿನ ಚೆಲ್ಸಿ ಅವನನ್ನು ಬೆಲ್ಜಿಯಂನ ಗೆಂಕ್ ಕ್ಲಬ್‌ನಿಂದ ಕೊಂಡಿತು, 2012-13ಕ್ಕೆ ಇಲ್ಲಿನ ವೆರ್ಡರ್ ಕ್ಲಬ್‌ಗೆ ಲೋನ್ ಮೇಲೆ, ಅಂದರೆ ಒಂದು ಸೀಸನ್‌ಗೆ ಎರವಲಾಗಿ, ಕೊಟ್ಟಿತು. ಲೀಗ್‌ನಲ್ಲಿ 10 ಗೋಲು ಹೊಡೆದ. ವಾಪಸ್ ಹೋದರೆ ಚೆಲ್ಸಿಯಲ್ಲಿ ಮತ್ತೆ ಬೆಂಚು. 2014ರ ಜನವರಿಯಲ್ಲಿ ಜರ್ಮನಿಯದೇ ವೋಲ್ಫ್ಸ್‌ಬರ್ಗ್ ಕ್ಲಬ್ ತಗೊಂಡಿತು, ಮುಂದಿನ ವರ್ಷ ಜರ್ಮನ್ ಕಪ್ ಗೆದ್ದರು. ಆಮೇಲೆ ಮ್ಯಾಂಚೆಸ್ಟರ್ ಸಿಟಿಗೆ ಹೋಗಿ ದೊಡ್ಡ ಸ್ಟಾರ್ ಆದ ಕಥೆ ನಿಮಗೇ ಗೊತ್ತು. ಮುಂದೆ ಲಿವರ್‌ಪೂಲ್‌ನಲ್ಲಿ ಮಿಂಚಿದ ಸಲಾಹ್ ಕೂಡ ಅದೇ ಚೆಲ್ಸಿಯ ಬೆಂಚಿನಿಂದ ಎದ್ದು ಹೋದವನೇ. ಆ ಬೆಂಚಿಗೆ ಏನೋ ಶಕ್ತಿ ಇರಬೇಕು ಬಿಡ್ರಿ.

ಆದರೆ ಬರೀ ಈ ಕಥೆ ಹೇಳಿದರೆ ಮೋಸ ಆಗುತ್ತದೆ. ಫ್ರೆಡ್ಡಿ ಅಡು ಅಂತ ಅಮೆರಿಕದ ಹುಡುಗ ಇದ್ದ. 2004ರಲ್ಲಿ, 14ನೇ ವಯಸ್ಸಿಗೇ ಅಲ್ಲಿನ ದೊಡ್ಡ ಲೀಗ್‌ನ ಡಿಸಿ ಯುನೈಟೆಡ್ ಕ್ಲಬ್‌ಗೆ ಆಡಿದ. ಹೊಸ ಪೆಲೆ ಅಂದರು. 2007ರಲ್ಲಿ ಪೋರ್ಚುಗಲ್‌ನ ಬೆನ್ಫಿಕಾ ಕೊಂಡಿತು. ಅಲ್ಲಿಂದ ಫ್ರಾನ್ಸ್, ಗ್ರೀಸ್, ಟರ್ಕಿ ಅಂತ ಲೋನ್ ಮೇಲೆ ಲೋನ್. ಎಲ್ಲೂ ನೆಲೆ ನಿಲ್ಲಲಿಲ್ಲ. ನನಗೆ ಅನಿಸುವುದು ಇಷ್ಟು: ಡೆ ಬ್ರಾಯ್ನೆ ಬ್ರೆಮೆನ್‌ನಲ್ಲಿ ವಾರ ವಾರ ಆಡಿ ತೋರಿಸಿದ್ದ, ವೋಲ್ಫ್ಸ್‌ಬರ್ಗ್ ಅದನ್ನು ಕಣ್ಣಾರೆ ನೋಡಿ ತಗೊಂಡಿತು. ಅಡುನನ್ನು ಜನ 14ರ ಹೆಸರಿಗೆ ತಗೊಂಡರು. ನಿಮ್ಮ ಕಮಿಟಿಯ ಹಿರಿಯರು ಈ ಹುಡುಗನ ಆಟವನ್ನು ಕೊನೆಗೆ ಯಾವಾಗ ನೋಡಿದ್ದಾರೆ? ಕೇಳಿಬಿಡ್ರಿ.

"ಫ್ಲಾಪ್" ಅಂತ ಕರೆಸಿಕೊಂಡಿದ್ದವನು

ಎಲ್ಲರೂ ತಗೊಳ್ಳುವವರ ಕಡೆಯಿಂದ ಹೇಳಿದಿರಿ. ನಾನು ಆ ಹುಡುಗ ಆಗಿದ್ದವನು. ಈಗ 34. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಕ್ಕಿತು, ಈಗಲೂ ಆಫೀಸ್ ಟೀಮಿಗೆ ಆಡುತ್ತೇನೆ.

ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ. ಮಧ್ಯಾಹ್ನದ ಮ್ಯಾಚ್, ಟರ್ಫ್ ಕಾದು ಬೂಟಿನೊಳಗೆ ಪಾದ ಸುಡುತ್ತಿತ್ತು. ಖಾಲಿ ಗೋಲಿನ ಮುಂದೆ ಆರು ಗಜದಿಂದ ಮೇಲೆ ಹೊಡೆದೆ. ಗ್ಯಾಲರಿಯಲ್ಲಿ ಇದ್ದದ್ದೇ ಐವತ್ತು ಜನ. ಅವರಲ್ಲಿ ಒಬ್ಬರು ನಕ್ಕ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಅದಾದ ಮೇಲೆ 11 ಮ್ಯಾಚ್ ಗೋಲಿಲ್ಲ. ನಿದ್ದೆಯಲ್ಲೂ ಮೇಲೆ ಹೊಡೆಯುತ್ತಿದ್ದೆ.

ಬೇರೆ ಕ್ಲಬ್ ತಗೊಂಡಿತು. ಅಲ್ಲಿನ ಕ್ಯಾಪ್ಟನ್ ಅಣ್ಣ ಮೊದಲ ಮ್ಯಾಚಿನ ಮುಂಚೆ ಲೇಸ್ ಕಟ್ಟುತ್ತಾ, ನನ್ನ ಮುಖ ಕೂಡ ನೋಡದೆ, "ಇವತ್ತು ನಿನ್ನ ಹತ್ತಿರ ಗೋಲು ಬೇಡ ಕಣೋ. ಅವರ ಸ್ಟಾಪರ್ ಬ್ಯಾಕ್ ಮೇಲೆ ಹತ್ತು ಸಲ ಓಡು. ನಾನು ಎಣಿಸ್ತೀನಿ" ಅಂದ. (ಸ್ಟಾಪರ್ ಬ್ಯಾಕ್ ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್.) ನಿಜವಾಗಲೂ ಎಣಿಸಿದ. ಮೈದಾನದ ಆ ತುದಿಯಿಂದ "ಆರಾಯ್ತು!" ಅಂತ ಕೂಗುತ್ತಿದ್ದ. ನಾಲ್ಕನೇ ಮ್ಯಾಚಿನಲ್ಲಿ ಅವರ ಬ್ಯಾಕ್ ಗಾಬರಿಯಾಗಿ ಕೊಟ್ಟ ಪಾಸ್ ನನ್ನ ಮೊಣಕಾಲಿಗೆ ಬಡಿದು ಒಳಗೆ ಹೋಯಿತು. ಅಷ್ಟು ಕೆಟ್ಟ ಗೋಲು ನೀವು ನೋಡಿರಲಿಕ್ಕಿಲ್ಲ. ಅದಾದ ಮೇಲೆ ನಿದ್ದೆ ಬಂತು.

ನಿಮ್ಮ ಟೀಮಿನಲ್ಲಿ ಹಾಗೆ ಎಣಿಸುವವನು ಒಬ್ಬ ಇದ್ದರೆ ತಗೊಳ್ಳಿ ಸರ್. ಇಲ್ಲದಿದ್ದರೆ ಪಾಪ ಅವನನ್ನು ಬಿಟ್ಟುಬಿಡಿ, ನಿಮ್ಮಿಂದ ಅವನಿಗೂ ಉಪಯೋಗವಿಲ್ಲ. ಸುನಿಲ್ ಛೆಟ್ರಿ 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೆ ಹೋಗಿ ಲೀಗ್‌ನಲ್ಲಿ ಒಂದು ಮ್ಯಾಚೂ ಆಡದೆ ವಾಪಸ್ ಬಂದರು. 2013ರಲ್ಲಿ ಬೆಂಗಳೂರಿಗೆ ಬಂದು ಮೊದಲ ಸೀಸನ್‌ನಲ್ಲೇ ಆಗ ದೇಶದ ಮೇಲಿನ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. ಆಟಗಾರ ಅದೇ, ಊರು ಬೇರೆ.

ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳಿಬಿಡುತ್ತೇನೆ.

ಹುಡುಗನನ್ನು ಎರಡು ವಾರ ಕರೆದೆವು. ಬೂಟು ಸರಿಯಾಗಿಯೇ ಇದೆ (ಮೊದಲ ದಿನವೇ ನೋಡಿದೆ). ಪೆನಾಲ್ಟಿ ಅವನೇ ಕೇಳಿ ತಗೊಂಡಿದ್ದಂತೆ. ಕತ್ತು ತಿರುಗಿಸುತ್ತಾನೆ, ಚೆನ್ನಾಗಿಯೇ ತಿರುಗಿಸುತ್ತಾನೆ. ಆದರೆ ಅರ್ಧ ಗಂಟೆಯಾದ ಮೇಲೆ ಕಾಲು ಎಳೆಯುತ್ತಿತ್ತು. ಕೋಚ್ "ನಾನು ಹೇಳಲಿಲ್ವಾ" ಅನ್ನುವ ಮುಖ ಮಾಡಿ ನಿಂತಿದ್ದರು. ಫಿಸಿಯೊ ಹೇಳಿದಂತೆ, ತಗೊಳ್ಳುತ್ತೇವೆ ಅಂದ ಮೇಲೆ ಇನ್ನೊಂದು ಸಲ ಕೇಳಿದೆ. ಹ್ಯಾಮ್‌ಸ್ಟ್ರಿಂಗ್ ಏನೂ ಇಲ್ಲ. ಅಪ್ಪನಿಗೆ ಹುಷಾರಿಲ್ಲ, ಒಂದು ವರ್ಷದಿಂದ ರಾತ್ರಿ ಒಂದು ಗಂಟೆವರೆಗೆ ಊಟದ ಡೆಲಿವರಿ ಮಾಡುತ್ತಿದ್ದಾನೆ. ಬೆಳಗ್ಗೆ ಆರಕ್ಕೆ ಪ್ರಾಕ್ಟೀಸ್. ಹಳೇ ಕ್ಲಬ್‌ಗೆ ಹೇಳಿಯೇ ಇರಲಿಲ್ಲವಂತೆ.

ಪ್ರಾಕ್ಟೀಸನ್ನು ವಾರಕ್ಕೆ ಮೂರು ದಿನ ಸಂಜೆ ನಾಲ್ಕಕ್ಕೆ ಹಾಕಿದ್ದೇವೆ. ಅದಕ್ಕೆ ಇಬ್ಬರು ಸೀನಿಯರ್‌ಗಳ ಗೊಣಗಾಟ ಇನ್ನೂ ನಿಂತಿಲ್ಲ. ಖಜಾಂಚಿಯವರು ಹೇಳಿದ 17ರ ಹುಡುಗ ನಮ್ಮಲ್ಲೂ ಇದ್ದಾನೆ, ಹುಡುಕಿದ ಮೇಲೆ ಕಂಡ. ಅವನನ್ನು ಕೂರಿಸಿ ಮಾತಾಡಿದೆ. ಮೊದಲ ಎರಡು ಮ್ಯಾಚ್ ಸ್ಟ್ರೈಕರ್ ಅವನೇ. ಹೊಸಬ ಬಲ ವಿಂಗ್, ಅದೂ ಸೆಕೆಂಡ್ ಹಾಫ್‌ನಲ್ಲಿ. ಮೂರು ತಿಂಗಳಿಗೆ ಮಾತ್ರ ಒಪ್ಪಂದ, ಕೋಚ್ ಅದಕ್ಕಷ್ಟೇ ಒಪ್ಪಿದ್ದು. ಹಳೇ ಕ್ಲಬ್‌ನಿಂದ ಎನ್‌ಓಸಿ ಬಂದಿದೆ, ರಿಜಿಸ್ಟ್ರೇಷನ್‌ಗೆ ಆಧಾರ್ ಕಾಪಿ ತರಲು ಹೇಳಿದ್ದೇನೆ. ಎರಡು ಸಲ ಮರೆತು ಬಂದಿದ್ದಾನೆ.