ವಯಸ್ಸಾದ ಮೆದುಳಿನ ಬಗ್ಗೆ ಎಂತ ಬೇಕಾದ್ರೂ ಕೇಳಿ (ಪ್ರಶ್ನೋತ್ತರ)

ನಮಸ್ಕಾರ, ಅಡ್ಮಿನ್ ಕರೆದ್ರು ಅಂತ ಬಂದಿದ್ದೇನೆ. ನಾನು ಮಂಗಳೂರಲ್ಲಿ ರಿಸರ್ಚ್ ಮಾಡುವವಳು, 60 ದಾಟಿದ ಆರೋಗ್ಯವಂತರ ಮೆದುಳು ಹೇಗೆ ಕೆಲಸ ಮಾಡ್ತದೆ ಅಂತ ಇಇಜಿಯಲ್ಲಿ (ತಲೆಗೆ ಎಲೆಕ್ಟ್ರೋಡ್ ಅಂದ್ರೆ ಸಣ್ಣ ಬಿಲ್ಲೆ ಇಟ್ಟು ಮೆದುಳಿನ ವಿದ್ಯುತ್ ಅಲೆ ಅಳೆಯುವ ಪರೀಕ್ಷೆ) ನೋಡುದು ನನ್ನ ಕೆಲಸ. ಮದ್ದು ಬರೆಯುವ ಡಾಕ್ಟರಲ್ಲ, ಸ್ಕ್ಯಾನ್ ಫೋಟೋ ಎಲ್ಲ ಕಳಿಸ್ಬೇಡಿ ಮಾರಾಯ್ರೆ.

ಪ್ರಶ್ನೆ (ಕಾಪು): ಮೇಡಂ, ಅಮ್ಮನಿಗೆ 71. ಯಕ್ಷಗಾನ ನೋಡುವಾಗ ವೇಷಧಾರಿಯ ಹೆಸರು ನಾಲಿಗೆ ತುದಿಯಲ್ಲಿ ಉಂಟು, ಬರುದಿಲ್ಲ ಅಂತಾರೆ. ಮತ್ತೆ ಎಷ್ಟೋ ಹೊತ್ತು ಬಿಟ್ಟು ಅಡುಗೆಮನೆಯಿಂದ ಕೂಗಿ ಹೇಳ್ತಾರೆ. ಡಿಮೆನ್ಶಿಯಾ (ಮರೆವಿನ ಕಾಯಿಲೆ) ಶುರುವಾ?

ಉತ್ತರ: ಕೂಗಿ ಹೇಳಿದ್ರಲ್ಲ, ಅದು ಒಳ್ಳೆ ಸುದ್ದಿ. ಹೆಸರು ಹುಡುಕ್ಲಿಕ್ಕೆ ಹೊತ್ತಾಗುದು ವಯಸ್ಸಿಗೆ ಸಹಜ. ನೀವು ಗಮನ ಇಡ್ಬೇಕಾದ್ದು ಬೇರೆ, ಎಷ್ಟೋ ವರ್ಷದಿಂದ ಮಾಡ್ತಿದ್ದ ಸಾರು ಮಾಡುವಾಗ ಯಾವುದರ ನಂತರ ಯಾವುದು ಹಾಕುದು ಅಂತ ಗೊತ್ತಾಗದೆ ನಿಲ್ಲುದು, ದಿನಾ ಹೋಗುವ ದಾರಿ ತಪ್ಪುದು, ಈಗಷ್ಟೇ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುದು. ಹಾಗೆ ಇದ್ರೆ ನ್ಯೂರಾಲಜಿಸ್ಟ್ ಹತ್ರ ಹೋಗಿ. ಬಿ12, ಥೈರಾಯ್ಡ್ ಟೆಸ್ಟ್ ಮಾಡಿಸ್ತಾರೆ, ಅದರಿಂದ ಬಂದ ಮರೆವಾದ್ರೆ ಮದ್ದಿಗೆ ಕಮ್ಮಿ ಆಗುದುಂಟು.

ಪ್ರಶ್ನೆ (ಮಣಿಪಾಲ): ಇಇಜಿಯಲ್ಲಿ ಎಂತ ಕಾಣ್ತದೆ? ಮನಸ್ಸಲ್ಲಿರುದು ಗೊತ್ತಾಗ್ತದಾ?

ಉತ್ತರ: ಇಲ್ಲ, ಹೆದರ್ಬೇಡಿ. ಮನುಷ್ಯರ ಇಇಜಿ ಮೊದಲು ತೆಗೆದದ್ದು ಜರ್ಮನಿಯ ಹಾನ್ಸ್ ಬರ್ಗರ್, 1924ರಲ್ಲಿ. ಕಣ್ಣು ಮುಚ್ಚಿದ ಕೂಡ್ಲೇ ತಲೆಯ ಹಿಂಬದಿಯಲ್ಲಿ ಸೆಕೆಂಡಿಗೆ 8ರಿಂದ 12 ಸಲ ಏರಿಳಿಯುವ ಅಲೆ ಏಳ್ತದೆ, ಅದಕ್ಕೆ ಆಲ್ಫಾ ಅಂತಾರೆ, ವಯಸ್ಸಾದ ಹಾಗೆ ಅದು ಸ್ವಲ್ಪ ನಿಧಾನ ಆಗ್ತದೆ. ಆದ್ರೆ ಇದು ತುಂಬ ಜನರದ್ದು ಒಟ್ಟು ಹಾಕಿ ನೋಡಿದಾಗ ಕಾಣುವ ವಿಷಯ, ಒಬ್ಬರ ಗ್ರಾಫ್ ಹಿಡಿದು ನಿಮ್ಮ ಮೆದುಳಿಗೆ ಇಷ್ಟು ವಯಸ್ಸು ಅಂತ ಯಾರಾದ್ರೂ ಪ್ಯಾಕೇಜ್ ಮಾರ್ಲಿಕ್ಕೆ ಬಂದ್ರೆ ನಂಬ್ಬೇಡಿ. ಸಿಗ್ನಲ್ ಅಂದ್ರೆ ವೋಲ್ಟಿನ ಲಕ್ಷದ ಒಂದು ಪಾಲಿನ ಲೆಕ್ಕದ್ದು, ಎಲೆಯಡಿಕೆ ಜಗಿಯುತ್ತಾ ಕೂತ್ರೆ ರೆಕಾರ್ಡಿಂಗ್ ತುಂಬ ದವಡೆಯದ್ದೇ ದರ್ಬಾರು!

ಪ್ರಶ್ನೆ (ಸುರತ್ಕಲ್): ಮನೆಯಲ್ಲಿ ತುಳು, ಅಂಗಡಿಯಲ್ಲಿ ಬ್ಯಾರಿ, ಬ್ಯಾಂಕಲ್ಲಿ ಕನ್ನಡ. ಇದರಿಂದ ಮೆದುಳಿಗೆ ಲಾಭ ಉಂಟಾ ಅಕ್ಕ?

ಉತ್ತರ: ಈ ಪ್ರಶ್ನೆ ನಂಗೆ ಇಷ್ಟ. ಹೈದರಾಬಾದಲ್ಲಿ ಡಾ. ಸುವರ್ಣಾ ಅಲ್ಲಾಡಿ ಅವರ ತಂಡ ಡಿಮೆನ್ಶಿಯಾ ಬಂದ 648 ಜನರ ದಾಖಲೆ ನೋಡಿ 2013ರಲ್ಲಿ ಪ್ರಕಟ ಮಾಡಿತು. ಒಂದೇ ಭಾಷೆಯವರಿಗಿಂತ ಎರಡು ಭಾಷೆ ಮಾತಾಡುವವರಿಗೆ ಲಕ್ಷಣ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಶಾಲೆಗೇ ಹೋಗದವರಲ್ಲಿಯೂ ವ್ಯತ್ಯಾಸ ಇತ್ತು, ಹಾಗಾಗಿ ಬರೀ ಓದಿನ ಮಹಿಮೆ ಅಂತ ತಳ್ಳಿಹಾಕ್ಲಿಕ್ಕೆ ಆಗುದಿಲ್ಲ. ಆದ್ರೆ ನಮ್ಮ ಊರಿನವರಿಗೆ ಬೇಜಾರಿನ ಸಂಗತಿ, ಮೂರನೇ ಭಾಷೆಗೆ ಅಲ್ಲಿ ಬೋನಸ್ ಏನೂ ಸಿಗ್ಲಿಲ್ಲ 😄 ಮತ್ತೆ ಅವರೆಲ್ಲ ಕಾಯಿಲೆ ಬಂದವರೇ, ತಡವಾದದ್ದು ಅಷ್ಟೆ. ಬೇರೆ ದೇಶಗಳ ಕೆಲವು ಸ್ಟಡಿಗಳಲ್ಲಿ ಈ ಲಾಭ ಕಾಣಲೂ ಇಲ್ಲ.

ಪ್ರಶ್ನೆ (ಕುಂದಾಪುರ): ಅಪ್ಪಯ್ಯನಿಗೆ ಕಿವಿ ಮಂದ, ಮಷಿನ್ ಬೇಡ ಅಂತ ಹಟ. ಬ್ರೇನ್ ಗೇಮ್ ಆ್ಯಪಿಗೆ ದುಡ್ಡು ಕಟ್ಟಲಾ?

ಉತ್ತರ: ಆ ದುಡ್ಡು ಕಿವಿಗೇ ಹಾಕಿ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗದ 2024ರ ವರದಿಯಲ್ಲಿ ಡಿಮೆನ್ಶಿಯಾದ ಅಪಾಯ ಹೆಚ್ಚಿಸುವ, ಆದ್ರೆ ತಡೆಯಬಹುದಾದ 14 ಕಾರಣಗಳ ಪಟ್ಟಿ ಉಂಟು, ಕಿವಿ ಕೇಳದಿರುದು, ಬಿಪಿ, ಶುಗರ್, ಕೊಲೆಸ್ಟ್ರಾಲ್, ಒಂಟಿತನ ಎಲ್ಲ ಅದರಲ್ಲಿ ಬರ್ತದೆ, ಇವನ್ನೆಲ್ಲ ಸರಿ ಮಾಡಿದ್ರೆ ಜಗತ್ತಿನ ಸುಮಾರು 45% ಡಿಮೆನ್ಶಿಯಾ ತಡೆಯಬಹುದು ಇಲ್ಲವೇ ಮುಂದೂಡಬಹುದು ಅಂತ ಅವರ ಅಂದಾಜು. ಗೇಮ್ ಆಡಿದ್ರೆ ಹೆಚ್ಚಾಗಿ ಆ ಗೇಮಲ್ಲೇ ಹುಷಾರಾಗ್ತಾರೆ. ಕಿವಿ ಕೇಳದವರು ಮೆಲ್ಲ ಮದುವೆ, ತಾಳಮದ್ದಳೆ ಎಲ್ಲ ಬಿಡ್ತಾರೆ, ನಂಗೆ ಹೆದರಿಕೆ ಅದರದ್ದು.

ಪ್ರಶ್ನೆ (ಕಾಪು): ಅಮ್ಮನನ್ನು ನಿಮ್ಮ ಸ್ಟಡಿಗೆ ಕರ್ಕೊಂಡು ಬರ್ಬಹುದಾ?

ಉತ್ತರ: ಖಂಡಿತ, ಅವರಿಗೆ ಮನಸ್ಸಿದ್ರೆ ಮಾತ್ರ, ಸಹಿ ಹಾಕಿದ ಮೇಲೂ ಬೇಡ ಅನಿಸಿದ್ರೆ ಎದ್ದು ಹೋಗ್ಬಹುದು. ತಲೆಗೆ ಸ್ನಾನ ಮಾಡಿ ಬರ್ಲಿ, ತೆಂಗಿನೆಣ್ಣೆ ಹಚ್ಚಿದ್ರೆ ಎಲೆಕ್ಟ್ರೋಡ್ ಸರಿ ಕೂತುಕೊಳ್ಳುದಿಲ್ಲ. ಜೆಲ್ ತೊಳೀಲಿಕ್ಕೆ ಬಿಸಿನೀರು ನಮ್ಮಲ್ಲೇ ಉಂಟು.