ಸಹಾಯ ಬೇಕು: ಬಾಳೆ ನಾರಿನಿಂದ ಸೆಲ್ಯುಲೋಸ್, ಉಳಿಯುವ ಕಪ್ಪು ನೀರಿಗೆ ಏನು ದಾರಿ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಿದ್ದಾಪುರದ ಹತ್ತಿರ ಕಾಫಿ ತೋಟ. ಗೊನೆ ಕಡಿದ ಮೇಲೆ ಬಾಳೆ ದಿಂಡೆಲ್ಲ ಸುಮ್ನೆ ಕೊಳೆಯುತ್ತದೆ. ಅದರ ನಾರಿನಿಂದ ಶುದ್ಧ ಸೆಲ್ಯುಲೋಸ್ (ಹತ್ತಿ, ಕಾಗದದಲ್ಲಿರುವ ಬಿಳಿ ನಾರಿನ ವಸ್ತು) ತೆಗೆಯಬೇಕೆಂದು ತುಂಬಾ ಆಸೆ.

ನಾರನ್ನು ಕಾಸ್ಟಿಕ್ ಸೋಡಾ ನೀರಲ್ಲಿ ಕುದಿಸಿದರೆ ಲಿಗ್ನಿನ್ (ನಾರನ್ನು ಗಟ್ಟಿಯಾಗಿ ಹಿಡಿದಿಡುವ ಅಂಟಿನಂಥ ವಸ್ತು) ಕರಗಿ, ನೀರು ಕಡು ಡಿಕಾಕ್ಷನ್ ಹಾಗೆ ಆಗುತ್ತದೆ. ತೊಳೆದು, ಪಿಎಚ್ 11ರ ಆಸುಪಾಸಿನಲ್ಲಿ (ಅಂದರೆ ನೀರು ತುಂಬಾ ಕ್ಷಾರವಾಗಿರುವಾಗ) ನಾರು ಬಿಳಿಯಾಗಲೆಂದು ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೂ ನಾರಿನ ಹಳದಿ ಪೂರ್ತಿ ಹೋಗುವುದಿಲ್ಲ. ಕಬ್ಬಿಣದ ಅಂಶ ಪೆರಾಕ್ಸೈಡನ್ನು ಕೆಡಿಸುತ್ತದೆ ಅಲ್ವಾ? ಮೊದಲೇ ಸಿಟ್ರಿಕ್ ಆಸಿಡ್‌ನಲ್ಲಿ ತೊಳೆದರೆ ಸಾಕಾ?

ಅದಕ್ಕಿಂತ ದೊಡ್ಡ ಚಿಂತೆ ಆ ಕಪ್ಪು ನೀರು. ತೋಡಿಗೆ ಬಿಟ್ಟರೆ ಸೀದಾ ಕಾವೇರಿಗೆ ಸೇರುತ್ತದೆ. ಅದನ್ನಂತೂ ನಾನು ಮಾಡುವುದಿಲ್ಲ. ಆಸಿಡ್ ಹಾಕಿದರೆ ಲಿಗ್ನಿನ್ ತಳಕ್ಕೆ ಕೂರುತ್ತದೆ, ಆದರೆ ಸೋಡಿಯಂ ಉಪ್ಪು ನೀರಲ್ಲೇ ಉಳಿದು ಮಣ್ಣಿಗೆ ಕೆಟ್ಟದ್ದು. ಸೋಡಾ ಬದಲು ಕಾಸ್ಟಿಕ್ ಪೊಟ್ಯಾಷ್ (ಸೋಡಿಯಂ ಬದಲು ಗಿಡಕ್ಕೆ ಬೇಕಾದ ಪೊಟ್ಯಾಸಿಯಂ ಇರುವ ಕ್ಷಾರ) ಬಳಸಿ, ಆ ನೀರನ್ನು ಹದ ಮಾಡಿ ಗಿಡಗಳಿಗೆ ಹಾಕಿದವರು ಯಾರಾದರೂ ಇದ್ದೀರಾ? ಅಳತೆ ಸಮೇತ ಹೇಳಿದರೆ ದೊಡ್ಡ ಉಪಕಾರ.